ಸಿಕ್ಕ ಸ್ಥಳ

ಮರುಳಸಿದ್ದಪ್ಪ ಹಳೇ ನಾಣ್ಯ ಕೂಡಿಸುವವರ ಸಂಘದ ಮೆಂಬರಾಗಿ ಮನೆಗೆ ಬಂದ ಭಾನುವಾರ, ಅವನ ಹೆಂಡತಿ ಸಂಗಮ್ಮ ಹಿತ್ತಲಿನ ಕಲ್ಲಿನ ಮೇಲೆ ಕೂತು ಅವನು ಕೂಡಿಸಿಟ್ಟ ನಾಣ್ಯಗಳಿಗೆ ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕುತ್ತಿದ್ದಳು.

“ಕೈ ತಗಿ! ಕೈ ತಗಿ ಅಂತೀನಿ!” ಎನ್ನುತ್ತ ಅವನು ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ನುಗ್ಗಿದ.

“ಯಾಕ್ರಿ? ಹಸರಗಟ್ಟಿ ಹೋಗಿದ್ವು. ನಾಕು ಮಂದಿಗೆ ತೋರಸೋವು, ಚೊಕ್ಕ ಇರ್ಲಿ ಅಂತ ಬೆಳಗಿದೆ.”

“ಬೆಳಗಬಾರದಂತ. ವಕೀಲರು ಹೇಳ್ಯಾರ. ತಿಕ್ಕಿದ್ರ ಅಕ್ಷರ ಅಳಸಿ ಹೋಗ್ತಾವ.”

“ಇಷ್ಟು ವರ್ಷ ಕೊಪ್ಪರಿಗಿ ಕೊಪ್ಪರಿಗಿ ಕರಗಿಸಿದ್ರಲ್ಲ, ಆವಾಗ ಎಲ್ಲಿ ಹೋಗಿತ್ತು ಈ ಅಕ್ಷರದ ಚಿಂತಿ?” ಎಂದು ಸಂಗಮ್ಮ ಕೈ ತೊಳೆದುಕೊಂಡು ಎದ್ದಳು.

ಅಡುಗೆಮನೆಯ ಬಾಗಿಲಲ್ಲಿ ಹಿಟ್ಟಿನ ಕೈಯಲ್ಲೇ ನಿಂತಿದ್ದ ಮಗಳು ನೀಲಗಂಗಮ್ಮ ನಕ್ಕಳು. ಸಂಡೂರಿನಲ್ಲಿ ಗಂಡ ಜ್ವರಕ್ಕೆ ತೀರಿಕೊಂಡು, ಇಪ್ಪತ್ತಮೂರನೆಯ ವಯಸ್ಸಿಗೆ ತವರಿಗೆ ಬಂದ ಮೇಲೆ ಅವಳು ನಕ್ಕದ್ದು ಅದೇ ಮೊದಲು.

ಹೊಸಪೇಟೆಯ ಬಜಾರಿನಲ್ಲಿ ಮರುಳಸಿದ್ದಪ್ಪನದು ಅಜ್ಜನ ಕಾಲದ ಪಾತ್ರೆ ಅಂಗಡಿ. ಒಡೆದ ಕೊಡ, ತೂತು ಬಿದ್ದ ಹಂಡೆಗಳನ್ನು ತೂಕದ ಮೇಲೆ ಕೊಂಡು, ಕರಗಿಸಿ, ಹೊಸ ಪಾತ್ರೆ ಮಾಡಿಸಿ ಮಾರುವುದು ಅವರ ಕಸುಬು. ಮಳೆ ಬಿದ್ದು ಹಂಪಿ ಕಡೆಯ ಹೊಲಗಳಲ್ಲಿ ನೇಗಿಲು ಹೂಡಿದರೆ ಮಣ್ಣಿನಿಂದ ತಾಮ್ರದ ಕಾಸುಗಳು ಮೇಲೆ ಬರುತ್ತಿದ್ದವು. ಕೂಲಿ ಹೆಂಗಸರು ಅವನ್ನು ಸೆರಗಿನಲ್ಲಿ ಗಂಟು ಕಟ್ಟಿ ತಂದು ಕೊಟ್ಟು ಜೋಳ ಒಯ್ಯುತ್ತಿದ್ದರು. ಅಜ್ಜ ಕರಗಿಸಿದ, ಅಪ್ಪ ಕರಗಿಸಿದ, ಮರುಳಸಿದ್ದಪ್ಪನೂ ತನಗೆ ಐವತ್ತಾಗುವವರೆಗೆ ಕರಗಿಸಿದ. ಒಂದು ದಿನ ಹಂಡೆ ಕೊಳ್ಳಲು ಬಂದ ವಕೀಲ ಗಾದಿಲಿಂಗಪ್ಪನವರು ಮೂಲೆಯಲ್ಲಿದ್ದ ಕಾಸಿನ ಗುಡ್ಡೆ ನೋಡಿ, ಕೋಟು ಹಾಕಿಕೊಂಡೇ ನೆಲದ ಮೇಲೆ ಕೂತುಬಿಟ್ಟರು. “ಸಾವ್ಕಾರ್ರ, ಇದನ್ನೆಲ್ಲ ಕರಗಸ್ತೀರೇನ್ರಿ? ಇದರಾಗ ದೇವರಾಯನ ಹೆಸರೈತಿ, ನೋಡ್ರಿಲ್ಲೆ.” ಅವತ್ತಿನಿಂದ ಮರುಳಸಿದ್ದಪ್ಪನಿಗೆ ಕುಲುಮೆಯ ಕಡೆ ಕಾಲೇ ಏಳದಾಯಿತು.

ಸಂಘದಲ್ಲಿ ಇದ್ದದ್ದು ಹನ್ನೊಂದು ಜನ. ಇಬ್ಬರು ವಕೀಲರು, ಒಬ್ಬ ಹೆಡ್‌ಮಾಸ್ಟರು, ಒಬ್ಬ ಡಾಕ್ಟರು, ಉಳಿದವರೂ ಇಂಗ್ಲಿಷ್ ಓದಿದವರೇ. ತಿಂಗಳ ಮೊದಲ ಭಾನುವಾರ ಗಾದಿಲಿಂಗಪ್ಪನವರ ಮಹಡಿಯ ಮೇಲೆ ಸೇರುತ್ತಿದ್ದರು. ಹನ್ನೆರಡನೆಯ ಕುರ್ಚಿ ಮರುಳಸಿದ್ದಪ್ಪನದಾಯಿತು. ಊರಿನಲ್ಲಿ ಅವನನ್ನು ಎಲ್ಲರೂ ಬಲ್ಲರು, ಆದರೆ ಅಂಗಡಿಯ ಗಾದಿಯ ಮೇಲೆ ಬಲ್ಲರು. ಇಲ್ಲಿ ಹೆಡ್‌ಮಾಸ್ಟರು ಎದ್ದು ನಿಂತು “ಬರ್ರಿ, ಕುಂದ್ರಿ” ಎನ್ನುತ್ತಿದ್ದರು. ಹಿಂದಿರುಗಿ ಬಂದ ಮೇಲೆ ಅವನು ಊಟಕ್ಕೆ ಕೂತಾಗ ಈ ಮಾತನ್ನು ಎರಡು ಮೂರು ಸಲ ಹೇಳುತ್ತಿದ್ದ.

ತೊಡಕು ಒಂದೇ. ಪ್ರತಿಯೊಂದು ನಾಣ್ಯಕ್ಕೂ ಒಂದು ಚೀಟಿ ಬರೆಯಬೇಕಿತ್ತು. ಚೀಟಿಯಲ್ಲಿ ನಾಲ್ಕು ಮನೆ: ಲೋಹ, ತೂಕ, ಗುರುತು, ಸಿಕ್ಕ ಸ್ಥಳ. ಮರುಳಸಿದ್ದಪ್ಪನಿಗೆ ಅಂಗಡಿಯ ಲೆಕ್ಕಕ್ಕಾಗುವಷ್ಟೇ ಅಕ್ಷರ ಬರುತ್ತಿತ್ತು. ನಾಲ್ಕನೇ ಇಯತ್ತೆ ಓದಿದ ನೀಲಗಂಗಮ್ಮನ ಅಕ್ಷರ ಮುತ್ತು ಪೋಣಿಸಿದ ಹಾಗಿತ್ತು. ಅವಳೇ ಬರೆಯತೊಡಗಿದಳು. ವಕೀಲರಿಂದ ಅಪ್ಪ ತಂದುಕೊಟ್ಟ ಕಾಗದ ನೋಡಿಕೊಂಡು ನಾಗರಿ ಅಕ್ಷರವನ್ನೂ ಕಲಿತಳು. ಮಧ್ಯಾಹ್ನ ಪಾತ್ರೆ ತೊಳೆದು, ಎಮ್ಮೆಗೆ ನೀರು ಕುಡಿಸಿ, ಕಿಟಕಿಯ ಬೆಳಕಿಗೆ ಕೂತರೆ ಸಂಜೆ ದೀಪ ಹಚ್ಚುವವರೆಗೂ ಏಳುತ್ತಿರಲಿಲ್ಲ. ಆನೆಯ ಗುರುತು ಯಾರದು, ಗಂಡಭೇರುಂಡ ಯಾರದು ಎಂಬುದು ಅವಳಿಗೆ ಅಪ್ಪನಿಗಿಂತ ಚೆನ್ನಾಗಿ ಗೊತ್ತಾಯಿತು. “ನಿಮ್ಮ ಚೀಟಿ ಎಷ್ಟು ಚಂದರಿ, ಒಂದು ಮನಿ ಖಾಲಿ ಇರೂದಿಲ್ಲ” ಎಂದು ಸಂಘದವರು ಮರುಳಸಿದ್ದಪ್ಪನನ್ನು ಹೊಗಳಿದರು. ಅವನು ನಗುತ್ತಿದ್ದ. ಬರೆದವರು ಯಾರೆಂದು ಅವರು ಕೇಳಲಿಲ್ಲ, ಅವನೂ ಹೇಳಲಿಲ್ಲ.

ಹೀಗೆ ಎರಡು ವರ್ಷ ಕಳೆಯಿತು.

ಆ ವರ್ಷ ಬೇಸಿಗೆಯಲ್ಲಿ ಕಂಪ್ಲಿಯಿಂದ ಒಂದು ಮಾತು ಬಂತು. ಅಲ್ಲಿಯ ಅಕ್ಕಿ ಗಿರಣಿಯಲ್ಲಿ ಗುಮಾಸ್ತನಾಗಿದ್ದ ಚನ್ನಯ್ಯ ಎಂಬವನಿಗೆ ಹೆಂಡತಿ ಸತ್ತಿದ್ದಳು. ಆರು ವರ್ಷದ ಒಬ್ಬ ಮಗಳಿದ್ದಳು. ನೀಲಗಂಗಮ್ಮನನ್ನು ಉಡಿಕೆ ಮಾಡಿಕೊಳ್ಳಲು ಒಪ್ಪಿಗೆ ಇದೆ ಎಂದು ಹೇಳಿ ಕಳಿಸಿದ್ದ. ವಿಧವೆಯ ಮರುಮದುವೆ ಅವರಲ್ಲಿ ಹೊಸದಲ್ಲ. ನೀಲಗಂಗಮ್ಮ ಅವನನ್ನು ಒಮ್ಮೆ ನೋಡಿದ್ದಳು. ಕಂಪ್ಲಿಯ ಚಿಕ್ಕಮ್ಮನ ಮನೆಗೆ ಹೋದಾಗ ಎದುರು ಮನೆಯ ಕಟ್ಟೆಯ ಮೇಲೆ ಅವನು ಮಗಳ ತಲೆ ಬಾಚುತ್ತಿದ್ದ. ಬೈತಲೆ ಸೊಟ್ಟ ತೆಗೆದು, ಅಳಿಸಿ, ಮತ್ತೆ ಸೊಟ್ಟವೇ ತೆಗೆಯುತ್ತಿದ್ದ. ಆ ಹುಡುಗಿ ಸುಮ್ಮನೆ ಕೂತಿತ್ತು. ಅದನ್ನು ನೆನೆಸಿಕೊಂಡರೆ ಅವಳ ಕೈ ತಾನಾಗಿ ತನ್ನ ಜಡೆಗೆ ಹೋಗುತ್ತಿತ್ತು.

ರೊಟ್ಟಿ, ಪುಂಡಿಪಲ್ಲೆ ಬಡಿಸಿದ್ದ ಮಧ್ಯಾಹ್ನ ಅವಳ ಅಣ್ಣ ಕೊಟ್ರಯ್ಯ ಮಾತು ತೆಗೆದ. ಅಂಗಡಿ ನೋಡಿಕೊಳ್ಳುತ್ತಿದ್ದವನು ಅವನೇ. ಅವನ ಹೆಂಡತಿ ಹೆರಿಗೆಗೆ ತವರಿಗೆ ಹೋಗಿದ್ದಳು.

“ಅಪ್ಪ, ಕಂಪ್ಲಿಯವರು ಮತ್ತ ಹೇಳಿ ಕಳ್ಸ್ಯಾರ. ಏನಂತ ಹೇಳ್ಲಿ?”

“ನೋಡೂಣು.”

“ನೋಡೂಣು ಅನಕೋತ ಎರಡು ತಿಂಗಳಾತು. ಅವರೇನು ನಮ್ಮ ದಾರಿ ಕಾಯಕೋತ ಕುಂತಿರ್ತಾರೇನು?”

“ಶ್ರಾವಣದ ಮೊದಲನೇ ಐತವಾರ ಸಂಘದಾಗ ನಾ ಪ್ರಬಂಧ ಓದೋದೈತಿ. ಬಳ್ಳಾರಿಯಿಂದ ದೊಡ್ಡ ಆಫೀಸರು ಬರ್ತಾರ. ಅದೊಂದು ಮುಗೀಲಿ.”

ಸಂಗಮ್ಮ ಮೊಸರಿನ ಗಡಿಗೆಯನ್ನು ಠಕ್ಕನೆ ಇಟ್ಟಳು. “ಪ್ರಬಂಧ ಓದೋರು ನೀವು. ಅದಕ್ಕ ಆಕಿ ಉಡಿಕಿ ಯಾಕ ನಿಲ್ಲಬೇಕು?”

“ಬರಿಯೋರು ಯಾರು?” ಎಂದುಬಿಟ್ಟ ಮರುಳಸಿದ್ದಪ್ಪ.

ಕೊಟ್ರಯ್ಯ ಅರ್ಧ ರೊಟ್ಟಿ ಬಿಟ್ಟು ಎದ್ದು ಕೈ ತೊಳೆದುಕೊಂಡ. “ನಿನಗ ಸಂಘದ ಕುರ್ಚಿ ಬೇಕು, ಆಕಿಗೊಂದು ಮನಿ ಬ್ಯಾಡ. ಹೌದಿಲ್ಲ?”

“ಬಾಯಿ ಮುಚ್ಚಲೇ! ಆಕೀನ ಕೇಳು. ನೀಲಾ, ನಿನಗ ಅವಸರ ಐತೇನವ್ವ?”

ನೀಲಗಂಗಮ್ಮ ಅಪ್ಪನ ಮುಖ ನೋಡಿದಳು. ಅವನ ಕಣ್ಣಲ್ಲಿ ಎಂಥ ದೈನ್ಯವಿತ್ತೆಂದರೆ, “ಶ್ರಾವಣ ಮುಗೀಲಿ ತಗೋ ಅಣ್ಣ” ಎಂದಳು. ಆ ದೈನ್ಯಕ್ಕೇ ಹಾಗೆ ಹೇಳಿದಳೆಂದರೆ ಅರ್ಧ ಸುಳ್ಳಾದೀತು. ಅಪ್ಪ ಎರಡು ದಿನ ಹಿಂದಷ್ಟೇ ಅವಳಿಗೆ ಹೇಳಿದ್ದ: “ಈ ಸಲ ಎಲ್ಲಾರ ಮುಂದ ನಿನ್ನ ಹೆಸರು ಹೇಳ್ತೀನಿ. ಬರದಾಕಿ ನನ್ನ ಮಗಳು ಅಂತ.” ಆ ಮಹಡಿಯ ಮೇಲೆ ತನ್ನ ಹೆಸರು ಒಮ್ಮೆ ಕೇಳಬೇಕೆಂದು ಅವಳಿಗೂ ಆಸೆ ಹುಟ್ಟಿತ್ತು.

ಆಷಾಢದ ಜಿಟಿಜಿಟಿ ಮಳೆಯ ಒಂದು ಬೆಳಿಗ್ಗೆ ಹೊಳೆಮ್ಮ ಹುಲ್ಲಿನ ಹೊರೆ ಇಳಿಸಿ, ಎಂದಿನಂತೆ ಹೋಗದೆ ಹಿತ್ತಲಲ್ಲೇ ನಿಂತಳು. ಕಡ್ಡಿರಾಂಪುರದವಳು. ಅವಳ ಗಂಡ ಪಾಲಪ್ಪ ಅಲ್ಲಿಯ ಒಬ್ಬ ಸಾಹುಕಾರನ ಬಾಳೆತೋಟದಲ್ಲಿ ಜೀತಕ್ಕಿದ್ದ. ತೋಟದ ಅಂಚಿನ ಗುಡಿಸಲೇ ಅವರ ಮನೆ. ನಾಲ್ಕು ವರ್ಷದಿಂದ ಈ ಮನೆಯ ಎಮ್ಮೆಗೆ ಹುಲ್ಲು ತರುತ್ತಿದ್ದವಳು ಅವಳೇ. ನೀಲಗಂಗಮ್ಮನಿಗೆ ಹೊಲದ ಕಾಸುಗಳನ್ನು ತಂದುಕೊಡುತ್ತಿದ್ದವಳೂ ಅವಳೇ.

“ಯವ್ವ, ಇಲ್ಲಿ ಬರ್ರಿ. ಇದು ಏನು ನೋಡಿ ಹೇಳ್ರಿ” ಎಂದು ಸೆರಗಿನ ಗಂಟು ಬಿಚ್ಚಿದಳು.

ಕಡಲೆಬೇಳೆಗಿಂತ ಸ್ವಲ್ಪ ದೊಡ್ಡದು. ಹಳದಿ. ಒಂದು ಮುಖದಲ್ಲಿ ಶಿವ ಪಾರ್ವತಿಯರು ಜೊತೆಯಾಗಿ ಕೂತಿದ್ದರು. ಇನ್ನೊಂದು ಮುಖದಲ್ಲಿ ಮೂರು ಸಾಲು ನಾಗರಿ. ನೀಲಗಂಗಮ್ಮ ಬೆಳಕಿಗೆ ಹಿಡಿದು ಓದಿದಳು: ಶ್ರೀ ಪ್ರತಾಪ ಹರಿಹರ.

“ಬಂಗಾರ ಹೊಳೆಮ್ಮ. ಇಂಥಾದ್ದು ವಕೀಲರ ಹಂತೇಲೂ ಇಲ್ಲ. ಎಲ್ಲಿ ಸಿಕ್ತು?”

“ನಮ್ಮ ಮನ್ಯಾಗಿನವರು ಬಾಳಿ ಗಿಡಕ್ಕ ಕುಣಿ ತೋಡಾಕ ಹತ್ತಿದ್ರು. ಸಣ್ಣ ಕುಡಿಕಿ ಒಂದು ಸಿಕ್ಕೈತಿ. ಇಂಥಾವು ಹತ್ತೊಂಬತ್ತು ಅದಾವ.” ಅವಳು ಸುತ್ತ ನೋಡಿದಳು. “ಯಾರ ಮುಂದೂ ಅನಬ್ಯಾಡ್ರಿ ಯವ್ವ. ತೋಟದ ಸಾವ್ಕಾರಗ ಗೊತ್ತಾದ್ರ ಕಸಗೊಂತಾನ. ನಮ್ಮವರು ನಿದ್ದಿ ಬಿಟ್ಟಾರ. ಜೀತ ಬಿಡಿಸಿಕೊಂಡು ಎಲ್ಲೆರೆ ಎರಡೆಕರೆ ನೆಲ ಮಾಡೂಣು ಅಂತಾರ. ಇದು ಖರೇ ಬಂಗಾರೋ ಅಲ್ಲೋ ಅಷ್ಟು ಕೇಳಾಕ ಬಂದೆ.”

“ನಾಳಿ ತನಕ ಇಟಗೊಂಡು ಕೊಡ್ಲೇನು? ತೂಕ ನೋಡಬೇಕು, ಅಚ್ಚು ಬರಕೋಬೇಕು.”

ಹೊಳೆಮ್ಮ ಅನುಮಾನ ಮಾಡಲಿಲ್ಲ. “ಇಟಗೋರಿ. ನಿಮ್ಮನ್ನ ಬಿಟ್ಟು ನಾ ಯಾರನ್ನ ನಂಬ್ಲಿ?” ಎಂದು ಖಾಲಿ ಬುಟ್ಟಿ ಎತ್ತಿಕೊಂಡು ಹೋದಳು.

ಅಂದು ಮಧ್ಯಾಹ್ನ ಕಿಟಕಿಯ ಹತ್ತಿರ ಅವಳು ನಾಣ್ಯದ ಚಿತ್ರ ಬರೆಯುತ್ತಿರುವಾಗ ಮರುಳಸಿದ್ದಪ್ಪ ಅಂಗಡಿಯಿಂದ ಬೇಗ ಬಂದ. ಬಚ್ಚಿಡಲು ಅವಳಿಗೆ ಹೊತ್ತು ಸಿಗಲಿಲ್ಲ. ಅವನು ಅದನ್ನು ಅಂಗೈಯಲ್ಲಿಟ್ಟುಕೊಂಡು ನೆಲದ ಮೇಲೆ ಕುಸಿದು ಕೂತ.

“ಮಗಳ, ಇದನ್ನ ಒಂದು ಸಲ ಅವರಿಗೆ ತೋರಸ್ತೀನಿ. ಒಂದ ಸಲ. ನನ್ನ ಪ್ರಬಂಧದಾಗ ಇದು ಇದ್ದರ ಮತ್ತೇನು ಬೇಕಾಗಿಲ್ಲ.”

“ಬ್ಯಾಡಪ್ಪ. ಆಕಿಗೆ ಮಾತು ಕೊಟ್ಟೀನಿ.”

“ಆಕಿ ಹೆಸರು ಯಾರು ಹೇಳ್ತಾರ? ನಾ ಏನು ಕೂಸೇನು?”

ಎರಡು ದಿನ ಅವನು ಸರಿಯಾಗಿ ಊಟ ಮಾಡಲಿಲ್ಲ. ತುತ್ತು ಎತ್ತಿ ತಟ್ಟೆಯಲ್ಲೇ ಬಿಡುತ್ತಿದ್ದ. ಹೊಳೆಮ್ಮ ನಾಣ್ಯ ಕೇಳಿದಾಗ ನೀಲಗಂಗಮ್ಮ “ಇನ್ನಾ ನಾಕು ದಿನ ಇರ್ಲಿ” ಎಂದಳು. ಮೂರನೆಯ ದಿನ ಪ್ರಬಂಧ ಬರೆಯಲು ಕೂತಳು.

ಹೆಸರು ಬರೆಯಬಾರದೆಂದು ಅವಳಿಗೆ ಗೊತ್ತಿತ್ತು, ಬರೆಯಲೂ ಇಲ್ಲ. ಆದರೆ ಸಿಕ್ಕ ಸ್ಥಳದ ಹತ್ತಿರ ಬಂದಾಗ ಲೇಖನಿ ನಿಂತಿತು. ಸ್ಥಳ ತಿಳಿಯದ ನಾಣ್ಯಕ್ಕೆ ಬೆಲೆಯಿಲ್ಲವೆಂದು ವಕೀಲರು ಎಷ್ಟು ಸಲ ಹೇಳಿದ್ದರೋ. ಇನ್ನೂರಕ್ಕೂ ಹೆಚ್ಚು ಚೀಟಿಗಳಲ್ಲಿ ಒಂದನ್ನೂ ಅವಳು ಖಾಲಿ ಬಿಟ್ಟಿರಲಿಲ್ಲ. ‘ಕಡ್ಡಿರಾಂಪುರದಲ್ಲಿ ತುರ್ತಾ ಕಾಲುವೆಯ ಬದಿಯ ಬಾಳೆತೋಟ’ ಎಂದು ಬರೆದಳು. ಅದರ ಕೆಳಗೆ, ಓದುವವರಿಗೆ ಕನಿಕರ ಬರಲೆಂದು, ತನಗೇ ಬಹಳ ಮೆಚ್ಚಿಗೆಯಾದ ಒಂದು ಮಾತು ಸೇರಿಸಿದಳು: ‘ಸಿಕ್ಕಿದ್ದು ಬಡವರಿಗೆ. ಭಯದಿಂದ ತಮ್ಮ ಹೆಸರನ್ನು ಹೇಳಗೊಡರು. ಉಳಿದ ಹದಿನೆಂಟನ್ನು ಕಣ್ಣಿನಂತೆ ಅಡಗಿಸಿಟ್ಟಿದ್ದಾರೆ.’

ಶ್ರಾವಣದ ಆ ಭಾನುವಾರ ಮರುಳಸಿದ್ದಪ್ಪ ಜರಿಯ ರುಮಾಲು ಸುತ್ತಿಕೊಂಡು ಹೋದವನು ಸಂಜೆ ಕೊರಳಲ್ಲಿ ಹಾರ ಹಾಕಿಕೊಂಡೇ ಬಂದ. ಒಂದು ವಾರದಿಂದ ದಿನವೂ ಬಾಯಿಪಾಠ ಮಾಡಿದ್ದನ್ನು ತಡವರಿಸದೆ ಓದಿದ್ದ. ಆಫೀಸರು ಕೈ ಕುಲುಕಿದರಂತೆ. ಪ್ರಬಂಧದ ಕಾಗದವನ್ನು ಕೇಳಿ ತೆಗೆದುಕೊಂಡರಂತೆ. ನಾಣ್ಯವನ್ನು ಇನ್ನೊಮ್ಮೆ ನೋಡಿ ಕೊಡುತ್ತೇನೆಂದು ವಕೀಲರು ಇಟ್ಟುಕೊಂಡರಂತೆ.

“ನಾಣ್ಯ ಬಿಟ್ಟು ಬಂದ್ಯಾ?” ಎಂದಳು ನೀಲಗಂಗಮ್ಮ.

“ವಕೀಲರ ಹಂತೇಲಿ ಐತವ್ವ, ಎಲ್ಲಿ ಹೋಗ್ತೈತಿ?”

“ನನ್ನ ಹೆಸರು ಹೇಳಿದ್ಯಾ ಅಪ್ಪ?”

ಅವನು ಹಾರವನ್ನು ಗೂಟಕ್ಕೆ ಹಾಕಿದ. “ಭಾಳ ಮಂದಿ ಇದ್ರು ಮಗಳ. ಗದ್ದಲದಾಗ ಹೊತ್ತು ಸಿಗಲಿಲ್ಲ. ಮುಂದಿನ ಸಲ.”

ಮರುದಿನ ಹೊಳೆಮ್ಮ ಬಂದು ನಾಣ್ಯ ಕೇಳಿದಳು. ನೀಲಗಂಗಮ್ಮ ಎಮ್ಮೆಯ ಮೈ ಸವರುತ್ತ, “ಸಂಜಿಗೆ ಅಪ್ಪ ತರ್ತಾನ” ಎಂದಳು. ಬುಧವಾರ ಹುಲ್ಲು ಬರಲಿಲ್ಲ. ಗುರುವಾರವೂ ಇಲ್ಲ. ಎಮ್ಮೆ ಬೆಳಗಿನಿಂದ ಅರಚುತ್ತಿತ್ತು. ಶುಕ್ರವಾರ ಕೊಟ್ರಯ್ಯ ಅಂಗಡಿಯಿಂದ ನಡುಹೊತ್ತಿನಲ್ಲೇ ಬಂದು ನಿಂತ.

“ಪಾಲಪ್ಪನ್ನ ಪೊಲೀಸರು ಹಿಡಕೊಂಡು ಹೋಗ್ಯಾರ. ಕಾಲುವಿ ಬದಿ ಬಾಳಿತೋಟ ಅಂದ್ರ ಅದ ಒಂದು, ಅದರಾಗ ದುಡಿಯೋನು ಅವನೊಬ್ಬ. ಒಲಿ ಕಿತ್ತು ತಗದಾರಂತ, ಕುಡಿಕಿ ಸಿಕ್ಕೈತಂತ. ನೆಲದಾಗಿನ ನಿಧಿ ಸಿಕ್ಕರ ಸರ್ಕಾರಕ್ಕ ತಿಳಸಬೇಕಂತ. ಮುಚ್ಚಿಟ್ಟರ ಜೈಲಂತ. ಇದು ನಿನಗ ಗೊತ್ತಿತ್ತೇನಪ್ಪ?”

ಮರುಳಸಿದ್ದಪ್ಪ ಎದ್ದು ನಿಂತ. “ನನಗ… ನಾ ಹೆಸರು ಹೇಳಿಲ್ಲೋ.”

“ಊರು ಹೇಳಿದಿ, ಕಾಲುವಿ ಹೇಳಿದಿ, ತೋಟ ಹೇಳಿದಿ. ಹೆಸರು ಒಂದು ಹೇಳಿಲ್ಲ!”

ಸಂಗಮ್ಮ ಒಲೆಯ ಮುಂದಿನಿಂದ ಎದ್ದು ಬಂದಳು. ಗಂಡನಿಗೆ ಅವಳು ಒಂದು ಮಾತೂ ಅನ್ನಲಿಲ್ಲ. ಮಗಳ ಮುಂದೆ ನಿಂತು, “ಆಕಿ ತಂದ ಹುಲ್ಲಿನ ಹಾಲು ಈ ಮನ್ಯಾಗ ಎಲ್ಲಾರೂ ಕುಡುದೀವಿ. ಬರಿವಾಗ ನಿನಗ ಅದು ನೆನಪಾಗಲಿಲ್ಲೇನ?” ಎಂದಳು. ನೀಲಗಂಗಮ್ಮ ಅಲ್ಲೇ ಗೋಡೆಗೆ ಒರಗಿ ಕೂತಳು. ಅವತ್ತು ಆ ಮನೆಯಲ್ಲಿ ಮಾಡಿದ ಅಡುಗೆ ಮಾಡಿದ ಹಾಗೇ ಇತ್ತು.

ಗಾದಿಲಿಂಗಪ್ಪನವರೇ ಮನೆಗೆ ಬಂದರು. ಒಳ್ಳೆಯ ಮನುಷ್ಯರು. ಅವರ ಮುಖವೂ ಇಳಿದಿತ್ತು. “ಆಫೀಸರ ಕಿವಿಗೆ ಬಿದ್ದ ಮ್ಯಾಲೆ ಅವರು ಸುಮ್ಮನ ಇರೋ ಹಂಗಿಲ್ರಿ, ಕಾಯಿದೆ ಹಂಗೈತಿ. ನಾ ದುಡ್ಡು ತಗೋಳಾರದ ಪಾಲಪ್ಪನ ಪರವಾಗಿ ನಿಲ್ತೀನಿ. ಸಾವ್ಕಾರ್ರ, ನೀವು ಕೋರ್ಟಿನಾಗ ಒಂದು ಮಾತು ಹೇಳಬೇಕು. ಸರ್ಕಾರಕ್ಕ ತಿಳಸಾಕ ಹೆಂಗ ಅಂತ ಕೇಳಾಕನ ಅವನು ಆ ನಾಣ್ಯ ಕಳಿಸಿದ್ದ ಅಂತ. ಮುಚ್ಚಿಡೋ ಮನಸಿರಲಿಲ್ಲ ಅಂತ ಆದ್ರ ಬಿಡಸಬಹುದು.”

“ಹೇಳ್ತೀನಿ. ಶಿವನಾಣೆ ಹೇಳ್ತೀನಿ” ಎಂದ ಮರುಳಸಿದ್ದಪ್ಪ.

ಕೋರ್ಟಿನ ದಿನ ನೀಲಗಂಗಮ್ಮ ಅವ್ವನ ಜೊತೆ ಹೋಗಿ ಹೊರಗಿನ ಪಡಸಾಲೆಯಲ್ಲಿ ನಿಂತಳು. ಹೊಳೆಮ್ಮ ನಾಲ್ಕು ವರ್ಷದ ಮಗಳು ತಾಯಕ್ಕನನ್ನು ಸೊಂಟಕ್ಕೇರಿಸಿಕೊಂಡು ಆಚೆ ತುದಿಯಲ್ಲಿದ್ದಳು. ಈ ಕಡೆ ನೋಡಲಿಲ್ಲ. ಕಿಟಕಿಯಿಂದ ಎಲ್ಲ ಕೇಳಿಸುತ್ತಿತ್ತು. ಮರುಳಸಿದ್ದಪ್ಪ ಹೇಳಬೇಕಾದ್ದನ್ನು ಹೇಳಿದ. ಆಮೇಲೆ ಸರ್ಕಾರದ ಕಡೆಯ ವಕೀಲರು ಒಂದು ಕಾಗದ ಬಿಚ್ಚಿ ನಿಧಾನವಾಗಿ ಓದಿದರು. “ಸಿಕ್ಕಿದ್ದು ಬಡವರಿಗೆ. ಭಯದಿಂದ ತಮ್ಮ ಹೆಸರನ್ನು ಹೇಳಗೊಡರು. ಉಳಿದ ಹದಿನೆಂಟನ್ನು ಕಣ್ಣಿನಂತೆ ಅಡಗಿಸಿಟ್ಟಿದ್ದಾರೆ.” ಓದಿ ಮುಗಿಸಿ, “ಅಡಗಿಸಿಟ್ಟಿದ್ದಾರೆ ಅಂತ ಬರೆದವರು ನೀವೇ. ಈಗ ಮುಚ್ಚಿಡುವ ಮನಸ್ಸಿರಲಿಲ್ಲ ಅಂತೀರಿ. ಈ ಬರಹ ನಿಮ್ಮದೋ ಅಲ್ಲವೋ?” ಎಂದು ಕೇಳಿದರು.

ಪಡಸಾಲೆಯಲ್ಲಿ ನೀಲಗಂಗಮ್ಮನ ಕಾಲು ಮುಂದಕ್ಕೆ ಹೋಯಿತು. ಸಂಗಮ್ಮ ಅವಳ ರಟ್ಟೆ ಹಿಡಿದು ನಿಲ್ಲಿಸಿದಳು.

ಮರುಳಸಿದ್ದಪ್ಪ, “ನಂದ ರೀ” ಎಂದ.

ಮಗಳನ್ನು ಕೋರ್ಟಿನ ಕಟಕಟೆ ಹತ್ತಿಸಬಾರದೆಂದು ಹಾಗೆಂದನೋ, ಆ ಬರಹ ತನ್ನದೆನ್ನುವ ಹಂಬಲ ಅಲ್ಲೂ ಅವನನ್ನು ಬಿಡಲಿಲ್ಲವೋ. ಅವಳು ಕೇಳಲಿಲ್ಲ, ಅವನು ಎಂದೂ ಹೇಳಲಿಲ್ಲ.

ಪಾಲಪ್ಪನಿಗೆ ಆರು ತಿಂಗಳ ಸಜೆಯಾಯಿತು. ನಾಣ್ಯಗಳು ಸರ್ಕಾರಕ್ಕೆ ಸೇರಿದವು. ಪೊಲೀಸರು ಅವನನ್ನು ಬಳ್ಳಾರಿಯ ರೈಲಿಗೆ ಕರೆದುಕೊಂಡು ಹೋಗುವಾಗ ಅವನು ಹೆಂಡತಿಗೆ ಹೇಳಿದ್ದು ಒಂದೇ ಮಾತು: “ಕೂಸಿಗೆ ಮಳ್ಯಾಗ ನೆನಿಯಾಕ ಬಿಡಬ್ಯಾಡ.”

ಕಂಪ್ಲಿಯ ಸಂಬಂಧ ಮುರಿದದ್ದು ಯಾವ ಜಗಳವೂ ಇಲ್ಲದೆ. ಶ್ರಾವಣ ಮುಗಿದು ವಾರವಾಗಿತ್ತು. ಕೊಟ್ರಯ್ಯ ತಾನೇ ಬಸ್ಸು ಹತ್ತಿ ಹೋಗಿ ಸಂಜೆಗೆ ಹಿಂದಿರುಗಿದ. “ಗಂಗಾವತಿ ಕಡಿ ಹೆಣ್ಣು ನೋಡಿ ಎಲಿ ಅಡಿಕಿ ಬದಲಾಯಿಸ್ಯಾರ. ‘ನೀವು ಒಲ್ಲಿರಿ ಅಂತ ತಿಳಕೊಂಡ್ವಿ’ ಅಂದ್ರು. ಅವರದೇನು ತಪ್ಪಿಲ್ಲ” ಎಂದು ಹೇಳಿ ಅಂಗಿ ಬಿಚ್ಚಿ ಗೂಟಕ್ಕೆ ಹಾಕಿದ. ನೀಲಗಂಗಮ್ಮ ಅವನಿಗೆ ನೀರು ಕೊಟ್ಟು, ಒಳಗೆ ಹೋಗಿ ರೊಟ್ಟಿ ಬಡಿಯತೊಡಗಿದಳು. ಹನ್ನೆರಡು ಸಾಕಾಗುವ ಕಡೆ ಇಪ್ಪತ್ತು ಬಡಿದಳು. ಸಂಗಮ್ಮ ನೋಡಿದರೂ ತಡೆಯಲಿಲ್ಲ.

ಮುಂದಿನ ಸಭೆ ಹತ್ತಿರ ಬಂದಾಗ ಮರುಳಸಿದ್ದಪ್ಪ ಮೂರು ತಾಮ್ರದ ಕಾಸು ತಂದು ಮಗಳ ಮುಂದಿಟ್ಟ.

“ಇಷ್ಟಕ್ಕ ಚೀಟಿ ಬರದು ಕೊಡವ್ವ.”

“ನಾ ಬರಿಯೂದಿಲ್ಲ ಅಪ್ಪ.”

“ತಾಮ್ರ ಅವ್ವ ಇವು. ಇದರಿಂದ ಯಾರಿಗೂ ಏನೂ ಆಗೂದಿಲ್ಲ.”

“ನನಗ ಕೈ ಬರವಲ್ದು” ಎಂದಳು. ಅವನು ಮತ್ತೆ ಕೇಳಲಿಲ್ಲ.

ಭಾನುವಾರ ಆ ಮೂರನ್ನೂ ಹಾಗೆಯೇ ಕಿಸೆಯಲ್ಲಿಟ್ಟುಕೊಂಡು ಹೋದ. ಅಲ್ಲಿ ಹೊಸದಾಗಿ ಸೇರಿದ ಒಬ್ಬರು, “ಸಾವ್ಕಾರ್ರ, ಇದರ ಮ್ಯಾಲಿಂದು ಒಂಚೂರು ಓದ್ರಿ, ನಾವೂ ಕಲೀತೀವಿ” ಎಂದು ಒಂದು ನಾಣ್ಯವನ್ನು ಅವನ ಕೈಗೆ ಕೊಟ್ಟರಂತೆ. ಅವನು ಅದನ್ನು ತಿರುಗಿಸಿದ, ಮುರುಗಿಸಿದ. ಕಡೆಗೆ ತಲೆಕೆಳಗಾಗಿ ಹಿಡಿದು ಬಾಯಿಗೆ ಬಂದ ಒಂದು ರಾಜನ ಹೆಸರು ಹೇಳಿದ. ಯಾರೋ ಕಿಸಕ್ಕೆಂದರು. “ನನಗ ಓದಾಕ ಬರೂದಿಲ್ರಿ. ಇಷ್ಟು ದಿನ ಎಲ್ಲಾ ಬರದಾಕಿ ನನ್ನ ಮಗಳು, ನೀಲಗಂಗಮ್ಮ ಅಂತ” ಎಂದು ಹೇಳಿ ಕುರ್ಚಿಯಿಂದ ಎದ್ದು ಬಂದ.

ಇದನ್ನೆಲ್ಲ ಅವನೇ ಊಟದ ಹೊತ್ತಿಗೆ ಹೇಳಿದ. ಹೇಳುವಾಗ ತಟ್ಟೆಯಿಂದ ತಲೆ ಎತ್ತಲಿಲ್ಲ. “ನಿನ್ನ ಹೆಸರು ಹೇಳಿ ಬಂದೆ ಮಗಳ” ಎಂದ. ಸಾರಿನಲ್ಲಿ ರೊಟ್ಟಿ ನೆನೆದು ಕರಗಿಹೋಗುವವರೆಗೂ ಹಾಗೇ ಕೂತಿದ್ದ. ನೀಲಗಂಗಮ್ಮನಿಗೆ ಸಿಟ್ಟು ಬರಲಿಲ್ಲ. ಅಪ್ಪ ಒಮ್ಮೆಲೇ ಮುದುಕನಾದನೆನ್ನಿಸಿತು. ಅವನ ಮುಂದಿನ ತಟ್ಟೆ ತೆಗೆದು ಬೇರೆ ರೊಟ್ಟಿ ಹಾಕಿ ಕೊಟ್ಟಳು. ಆಮೇಲೆ ಅವನು ಆ ಮಹಡಿ ಹತ್ತಲಿಲ್ಲ. ವಕೀಲರು ಎರಡು ಸಲ ಹೇಳಿ ಕಳಿಸಿದರು. ಎರಡು ಸಲವೂ ಮೈಯಲ್ಲಿ ಹುಷಾರಿಲ್ಲ ಎಂದ.

ಹುಲ್ಲಿಗೆ ಬೇರೆ ಹೆಂಗಸು ಬರತೊಡಗಿದ್ದಳು. ಹೊಳೆಮ್ಮನನ್ನು ಸಾಹುಕಾರ ಗುಡಿಸಲಿನಿಂದ ಹೊರಗೆ ಹಾಕಿದನೆಂದೂ, ಹಂಪಿ ಬಜಾರಿನ ಕಲ್ಲುಮಂಟಪದಲ್ಲಿ ಕೂಸು ಕಟ್ಟಿಕೊಂಡಿದ್ದಾಳೆಂದೂ ಸುದ್ದಿ ತಂದವಳು ಅವಳೇ. ಸಂಗಮ್ಮ ಹತ್ತು ರೊಟ್ಟಿ, ಶೇಂಗಾ ಹಿಂಡಿ, ಒಂದು ಹಳೇ ಸೀರೆ ಗಂಟು ಕಟ್ಟಿ ಮಗಳ ಕೈಗೆ ಕೊಟ್ಟಳು. “ಬೈದರ ಬೈಸಿಕೊಂಡು ಬಾ” ಎಂದಳು.

ವಿರೂಪಾಕ್ಷನ ಗುಡಿಯ ಮುಂದಿನ ಸಾಲುಮಂಟಪಗಳಲ್ಲಿ ಕೊನೆಯ ಕಡೆಗಿದ್ದ ಒಂದರಲ್ಲಿ, ಎರಡು ಕಂಬಗಳ ನಡುವೆ ಈಚಲ ಚಾಪೆ ಇಳಿಬಿಟ್ಟಿತ್ತು. ಮೂರು ಕಲ್ಲಿನ ಒಲೆಯ ಮುಂದೆ ಹೊಳೆಮ್ಮ ಅಂಬಲಿ ತಿರುವುತ್ತಿದ್ದಳು. ನೀಲಗಂಗಮ್ಮನನ್ನು ನೋಡಿ ಸೌಟು ನಿಂತಿತು, ಮತ್ತೆ ತಿರುಗತೊಡಗಿತು.

“ಹೊಳೆಮ್ಮ, ನನ್ನಿಂದ ಭಾಳ ದೊಡ್ಡ ತಪ್ಪಾತು.”

“ಹೂಂ.”

“ಅದನ್ನ ಬರದಾಕಿ ನಾನ. ಅಪ್ಪ ಅಲ್ಲ.”

“ಗೊತ್ತೈತಿ. ಕೋರ್ಟಿನಾಗ ಓದುವಾಗ ನಿಮ್ಮ ಮಾತ ಕೇಳಿದಂಗಾತು.” ಹೊಳೆಮ್ಮ ಗಡಿಗೆ ಇಳಿಸಿದಳು. ಗಂಟಿನಿಂದ ಒಂದು ರೊಟ್ಟಿ ತೆಗೆದು ಮಗಳಿಗೆ ಕೊಟ್ಟು, ಉಳಿದದ್ದನ್ನು ಮತ್ತೆ ಕಟ್ಟಿ ನೀಲಗಂಗಮ್ಮನ ಕಡೆ ಸರಿಸಿದಳು. “ಒಯ್ಯಿರಿ. ನನ್ನ ಸಿಟ್ಟು ಇಳಿದಿಲ್ಲ. ಇಳಿಯೂದೂ ಇಲ್ಲ ಅನಸ್ತೈತಿ.”

ನೀಲಗಂಗಮ್ಮ ಗಂಟು ತೆಗೆದುಕೊಂಡು ತಿರುಗಿದಳು. ಹಿಂದಿನಿಂದ ಹೊಳೆಮ್ಮ, “ನಿಂದ್ರಿ” ಎಂದಳು.

“ಜೈಲಿಗೆ ತಿಂಗಳಿಗೊಂದು ಕಾಗದ ಹಾಕಬಹುದಂತ. ಬಜಾರದಾಗ ಕೇಳಿದೆ, ಕಳ್ಳನ ಹೇಂತಿ ಅಂತ ಯಾರೂ ಬರದು ಕೊಡವಲ್ರು. ನಿಮ್ಮನ್ನ ಬಿಟ್ಟರ ಬರಿಯೋರು ಇಲ್ಲ.”

ನೀಲಗಂಗಮ್ಮ ಅಂಗಡಿಯಿಂದ ಕಾಗದ, ಸೀಸದಕಡ್ಡಿ ಕೊಂಡು ತಂದು, ಕಂಬಕ್ಕೆ ಕಾಗದ ಒತ್ತಿ ಹಿಡಿದು ನಿಂತಳು. ಹೊಳೆಮ್ಮ ಬಜಾರಿನ ಕಡೆ ನೋಡುತ್ತ ಹೇಳಿದಳು.

“ನಾವು ಆರಾಮ ಇದ್ದೀವಿ ಅಂತ ಬರೀರಿ. ಗುಡಿಸಲಿಗೆ ಹೊಸ ಗರಿ ಹೊದಿಸೀವಿ ಅಂತ ಬರೀರಿ. ಸಾವ್ಕಾರ ಒಳ್ಳೇ ಮಾತಾಡಿದ, ನೀ ಬಂದ ಮ್ಯಾಲೆ ತೋಟದಾಗ ಇಟಗೊಂತಾನಂತ ಬರೀರಿ. ತಾಯಕ್ಕ ಮಳ್ಯಾಗ ನೆನದಿಲ್ಲ ಅಂತ ಬರೀರಿ.”

ತಾಯಕ್ಕ ಕೆಮ್ಮುತ್ತ ರೊಟ್ಟಿ ತಿನ್ನುತ್ತಿತ್ತು. ನೀಲಗಂಗಮ್ಮನ ಕೈ ಒಂದು ಗಳಿಗೆ ನಿಂತಿತು. ಆಮೇಲೆ ಎಲ್ಲವನ್ನೂ ಬರೆದಳು.

“ಒಂದು ಸಲ ಓದ್ರಿ.”

ಓದಿದಳು. ಹೊಳೆಮ್ಮ ಕಣ್ಣು ಮುಚ್ಚಿ ಕೇಳಿದಳು. “ಖರೇನ ಅನಸ್ತೈತಿ. ಭಾಳ ಚಂದ ಬರೀತೀರಿ” ಎಂದಳು. ಅದರಲ್ಲಿ ಕೊಂಕು ಇರಲಿಲ್ಲ. ಸೊಂಟದ ಚೀಲದಿಂದ ಅರ್ಧ ಆಣೆ ತೆಗೆದು ನೀಲಗಂಗಮ್ಮನ ಅಂಗೈಯಲ್ಲಿಟ್ಟಳು. “ಬರದದ್ದಕ್ಕ. ಸುಮ್ಮನ ಬರಸಿಕೊಳ್ಳಾಕ ಒಲ್ಲೆ.”

ಕೊಟ್ಟದ್ದನ್ನು ನೀಲಗಂಗಮ್ಮ ತೆಗೆದುಕೊಂಡಳು. ಬೇಡವೆನ್ನುವ ಹಕ್ಕು ತನಗಿಲ್ಲವೆಂದು ತಿಳಿಯಿತು.

ಆಮೇಲೆ ತಿಂಗಳಿಗೊಮ್ಮೆ ಅವಳು ಹಂಪಿಗೆ ಹೋದಳು. ಪಾಲಪ್ಪ ಬಿಡುಗಡೆಯಾಗಿ ಬಂದು, ಅವರು ಮೂವರೂ ಕಂಪ್ಲಿ ಕಡೆಯ ಕಬ್ಬಿನ ಗದ್ದೆಗಳಿಗೆ ಕೂಲಿಗೆ ಹೋಗುವವರೆಗೂ ಹೋದಳು, ಬಂದಳು. ಐದು ಕಾಗದ ಬರೆದಳು, ಐದು ಸಲ ಅರ್ಧ ಆಣೆ ಪಡೆದಳು. ಹೊಳೆಮ್ಮ ಪ್ರತಿ ಸಲವೂ ಚಾಪೆ ಸರಿಸಿ ಅವಳಿಗೆ ದಾರಿ ಮಾಡಿಕೊಡುತ್ತಿದ್ದಳು. ಆದರೆ ಒಂದು ಸಲವೂ ಕುಂದ್ರಿ ಎನ್ನಲಿಲ್ಲ.